ಅಪ್ರೆಂಟಿಸ್ ಕೈಗೆ ಪಾನಾ (ಸ್ಪ್ಯಾನರ್) ಕೊಡಿ: ಕಲಬುರಗಿಯ ದಾಲ್ ಮಿಲ್ ಮಾಲೀಕರಿಗೂ ಐಟಿಐ ಪ್ರಾಚಾರ್ಯರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮಿಲ್ ಮಾಲೀಕರೇ, ಐಟಿಐ ಪ್ರಾಚಾರ್ಯರೇ, ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯ ಅಧಿಕಾರಿಗಳೇ,

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ಮತ್ತು ಐಟಿಐಯಲ್ಲಿ ಪಾಠ ಹೇಳುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಎರಡು ವರ್ಷ ಓದಿ ಮಿಲ್‌ಗೆ ಅಪ್ರೆಂಟಿಸ್ ಆಗಿ ಬರುವ ಹುಡುಗ ಇನ್ನೊಂದು ವರ್ಷ ಕಳೆದರೂ ಎಮರಿ ರೋಲ್ (ತೊಗರಿಯ ಸಿಪ್ಪೆ ಉಜ್ಜಿ ತೆಗೆಯುವ, ಒರಟು ಹರಳು ಮೆತ್ತಿದ ಉರುಳೆ) ಬಿಚ್ಚಿರುವುದಿಲ್ಲ, ಮೋಟರ್ ಮಿತಿಮೀರಿ ಕರೆಂಟ್ ಎಳೆದರೆ ಬಂದ್ ಮಾಡುವ ಓವರ್‌ಲೋಡ್ ರಿಲೇ ಸೆಟ್ ಮಾಡಿರುವುದಿಲ್ಲ. ಗ್ರೀಸ್ ಡಬ್ಬಿ ಹಿಡಿದಿರುತ್ತಾನೆ, ಧೂಳು ಹೊಡೆದಿರುತ್ತಾನೆ, ಚಹಾ ತಂದಿರುತ್ತಾನೆ. "ಏ ತಮ್ಮಾ, ಮುಟ್ಟಬ್ಯಾಡ, ಸುಮ್ನ ನೋಡ್ಕೋತ ನಿಂದ್ರು" ಎಂಬುದೇ ಅವನಿಗೆ ವರ್ಷವಿಡೀ ಸಿಗುವ ಪಾಠ. ನೋಡಿ ಕಲಿ, ಮಾಡಿ ತಿಳಿ ಅಂತಾರೆ. ನಮ್ಮಲ್ಲಿ ಮೊದಲರ್ಧಕ್ಕೇ ಅಪ್ರೆಂಟಿಸ್‌ಶಿಪ್ ಮುಗಿದುಹೋಗುತ್ತದೆ.

ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರಲು ಶುರುವಾದರೆ ಯಂತ್ರ ಒಂದು ತಾಸು ನಿಂತರೂ ಹಮಾಲರು ಖಾಲಿ ಕೂರುತ್ತಾರೆ, ಗೇಟಿನ ಮುಂದೆ ಲಾರಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಹೊಸಬನ ಕೈಗೆ ರೋಲ್ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಕೆಟ್ಟೀತೆಂಬ ಭಯಕ್ಕೆ ಕೆಡದ ಕೆಲಸವನ್ನೇ ಹುಡುಕಿ ಕೊಟ್ಟರೆ ಅವನು ಕಲಿಯುವುದೂ ಅಷ್ಟೇ ಇರುತ್ತದೆ. ಕೆಡುವ ಸಾಧ್ಯತೆ ಇರುವ ಕೆಲಸವನ್ನೇ ಕೊಡಿ. ಎಷ್ಟು ಕೆಟ್ಟರೆ ತಡೆದುಕೊಳ್ಳಬಹುದು ಎಂಬುದನ್ನು ಮಿಸ್ತ್ರಿ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಲಿ. ಇದು ಹೇಗೆ ಸಾಧ್ಯ ಎಂಬುದನ್ನು ರೋಲ್‌ನಿಂದಲೇ ಶುರುಮಾಡಿ ಹೇಳುತ್ತೇವೆ.

ತೊಗರಿಯಲ್ಲಿ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರ ಇದೆ. ಹಾಗಾಗಿಯೇ ಇಷ್ಟೊಂದು ಹಂತಗಳು. ಮೊದಲ ಸಲ ರೋಲ್‌ಗೆ ಬಿಡುವುದು ಸಿಪ್ಪೆ ತೆಗೆಯಲು ಅಲ್ಲ, ಅದರ ಮೇಲೆ ಗೀರು ಬೀಳಿಸಲು. ಆಮೇಲೆ ಕ್ವಿಂಟಲ್‌ಗೆ 200ರಿಂದ 500 ಗ್ರಾಂ ಎಣ್ಣೆ ಸವರಿ, ರಾಶಿ ಹಾಕಿ, ರಾತ್ರಿಯಿಡೀ ಬಿಡುತ್ತೇವೆ. ಗೀರು ಬಿದ್ದಲ್ಲಿ ಎಣ್ಣೆ ಒಳಗಿಳಿದು ಅಂಟು ಸಡಿಲಾಗುತ್ತದೆ. ಅಂಗಳದಲ್ಲಿ ಎರಡರಿಂದ ಐದು ದಿನ ಬಿಸಿಲು. ಕೊನೆಗೆ ಕ್ವಿಂಟಲ್‌ಗೆ ಎರಡು ಮೂರು ಲೀಟರ್ ನೀರು ಚಿಮುಕಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ರೋಲ್‌ಗೆ. ಮಿಲ್‌ನಿಂದ ಮಿಲ್‌ಗೆ ಈ ಲೆಕ್ಕ ಕೊಂಚ ಹೆಚ್ಚುಕಡಿಮೆ ಆಗುತ್ತದೆ. ಹಳೇ ಪದ್ಧತಿಯಲ್ಲಿ 100 ಕೆಜಿ ತೊಗರಿಗೆ 70ರಿಂದ 75 ಕೆಜಿ ಬೇಳೆ ಬರುತ್ತದೆ. ಆ ಐದು ಕೆಜಿ ವ್ಯತ್ಯಾಸದಲ್ಲಿ ಕೈಚಳಕದ ಪಾಲೇ ದೊಡ್ಡದು.

ಈಗ ಒಂದು ತೊಂದರೆ ನೋಡಿ. ರೋಲ್‌ನಿಂದ ಹೊರಬರುವ ಮಾಲಿನಲ್ಲಿ ಸಿಪ್ಪೆ ಉಳಿದ ಕಾಳು ಜಾಸ್ತಿಯಾಗಿದೆ. ಅನುಭವ ಇಲ್ಲದವನು ಮೊದಲು ಮಾಡುವ ಕೆಲಸ ಹೊರಬಾಯಿಯ ಗೇಟ್ ಬಿಗಿ ಮಾಡಿ ಒತ್ತಡ ಏರಿಸುವುದು. ಸಿಪ್ಪೆ ಹೋಗುತ್ತದೆ, ನಿಜ. ಜೊತೆಗೆ ಬೇಳೆಯ ಅಂಚೂ ಹೋಗುತ್ತದೆ, ನುಚ್ಚು ಏರುತ್ತದೆ, ಮೋಟರ್ ಹೆಚ್ಚು ಆಂಪಿಯರ್ ಎಳೆಯುತ್ತದೆ. ಮೂಲ ಕಾರಣ ಬೇರೆಲ್ಲೋ ಇರಬಹುದು: ಬಿಸಿಲು ಸಾಲದೆ ಮಾಲು ಹಸಿ ಉಳಿದಿರಬಹುದು, ಮೊದಲ ಪಾಸ್‌ನಲ್ಲಿ ಗೀರು ಸರಿಯಾಗಿ ಬಿದ್ದಿರಲಿಕ್ಕಿಲ್ಲ, ಜಾಳಿ (ಜರಡಿ) ಹರಿದು ಸಣ್ಣ ಕಾಳು ದೊಡ್ಡ ಕಾಳು ಒಟ್ಟಿಗೇ ಬರುತ್ತಿರಬಹುದು, ಎಮರಿ ಸವೆದು ನುಣುಪಾಗಿರಬಹುದು, ಬೆಲ್ಟ್ ಜಾರಿ ರೋಲ್‌ನ ವೇಗವೇ ಇಳಿದಿರಬಹುದು.

ಅಪ್ರೆಂಟಿಸ್‌ಗೆ ಕೊಡಬೇಕಾದದ್ದು ಇಂಥ ತೊಡಕಿನ ಕೆಲಸ. ಒಂದು ತೊಂದರೆ, ಐದು ಕಾರಣ. ಯಾವುದೆಂದು ಅವನೇ ಹುಡುಕಲಿ. ಹೊರಬಾಯಿಯಿಂದ 100 ಗ್ರಾಂ ಮಾಲು ತೆಗೆದು ಒಂದು ಪರಾತದಲ್ಲಿ ಹರಡಲಿ. ಸಿಪ್ಪೆ ಬಿಟ್ಟ ಇಡೀ ಕಾಳು (ಗೋಟಾ), ಸಿಪ್ಪೆ ಉಳಿದ ಕಾಳು, ಒಡೆದ ಬೇಳೆ, ನುಚ್ಚು-ಪುಡಿ ಎಂದು ನಾಲ್ಕು ಗುಂಪು ಮಾಡಿ ತೂಕ ಮಾಡಲಿ. ಚಿಲ್ಲರೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ಆಮೇಲೆ ಆ ಎರಡನೇ ಗುಂಪನ್ನು ಕೈಯಲ್ಲಿಟ್ಟುಕೊಂಡು ನೋಡಲಿ. ಸಿಪ್ಪೆ ಉಳಿದವು ಬಹುಪಾಲು ಸಣ್ಣ ಕಾಳುಗಳೇ ಆಗಿದ್ದರೆ ಹೋಗಿ ಜಾಳಿ ನೋಡಬೇಕು. ಸಣ್ಣದು ದೊಡ್ಡದು ಎನ್ನದೆ ಎಲ್ಲದರ ಮೇಲೂ ತೇಪೆ ತೇಪೆಯಾಗಿ ಉಳಿದಿದ್ದರೆ ಎಣ್ಣೆ, ಬಿಸಿಲಿನ ಕಡೆ ಅನುಮಾನ. ಕೆಲವು ಕಾಳಿಗೆ ಸಿಪ್ಪೆ ಇದ್ದು ಉಳಿದವುಗಳ ಅಂಚು ಸವೆದು ಪುಡಿಯೂ ಏರಿದ್ದರೆ ಯಾರೋ ಆಗಲೇ ಗೇಟ್ ಬಿಗಿ ಮಾಡಿದ್ದಾರೆ ಎಂದರ್ಥ.

ಇಲ್ಲಿ ಮಿತಿ ಹಾಕುವುದು ಸುಲಭ. ಒಂದು ಕ್ವಿಂಟಲ್ ಬೇರೆ ತೆಗೆದಿಟ್ಟು ಅಷ್ಟಕ್ಕೇ ಗೇಟ್ ಅವನೇ ಸೆಟ್ ಮಾಡಲಿ. ನುಚ್ಚು ಮೂರು ಶೇಕಡಾ ಜಾಸ್ತಿಯಾಯಿತು ಅನ್ನಿ, ಹೋಗುವುದು ಮೂರು ಕೆಜಿ ಬೇಳೆ. ಅದೂ ಮಣ್ಣುಪಾಲಾಗುವುದಿಲ್ಲ, ಚುನ್ನಿಯ (ಸಿಪ್ಪೆ-ಪುಡಿಯ) ಜೊತೆ ದನದ ಮೇವಿಗೆ ಹೋಗುತ್ತದೆ. ಅದೇ ದಿನಕ್ಕೆ 10 ಟನ್ ತೊಗರಿ ಓಡಿಸುವ ಮಿಲ್‌ನಲ್ಲಿ ಗೇಟ್ ತಪ್ಪಾಗಿ ನಿಂತು ಒಂದೇ ಒಂದು ಶೇಕಡಾ ನುಚ್ಚು ಜಾಸ್ತಿಯಾದರೆ ದಿನಕ್ಕೆ 100 ಕೆಜಿ ಬೇಳೆ ಚುನ್ನಿಯ ದರಕ್ಕೆ ಇಳಿಯುತ್ತದೆ. ಹುಡುಗನಿಗೆ ಕಲಿಸದೇ ಇರುವುದರ ಖರ್ಚು ಯಾವ ಖಾತೆ ಪುಸ್ತಕದಲ್ಲೂ ಕಾಣುವುದಿಲ್ಲ ಎಂಬುದೇ ಮಾಲೀಕರಿಗೆ ಅದು ಪುಕ್ಕಟೆ ಅನ್ನಿಸಲು ಕಾರಣ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, ಸಂತೋಷ. ಬೇಳೆಯ ಅಂಚು ಉಳಿಸುವವನು ಮಾತ್ರ ಈಗಲೂ ರೋಲ್ ಮುಂದೆ ನಿಂತ ಮಿಸ್ತ್ರಿಯೇ, ಮತ್ತು ಅಂಥವರು ವಯಸ್ಸಾಗಿ ಮನೆಗೆ ಹೋಗುತ್ತಿದ್ದಾರೆ.

ರೋಲ್‌ಗೆ ಹೊಸ ಎಮರಿ ಕೂರಿಸುವ ಕೆಲಸ ಮಳೆಗಾಲದಲ್ಲಿ ಆವಕ ತಗ್ಗಿದಾಗ ಮಾಡುವಂಥದ್ದು. ಎಮರಿ ಹರಳು, ಮ್ಯಾಗ್ನೆಸೈಟ್ ಪುಡಿ, ಮ್ಯಾಗ್ನೀಷಿಯಂ ಕ್ಲೋರೈಡ್ ನೀರು ಕಲಸಿ ಕಬ್ಬಿಣದ ರೋಲ್ ಮೇಲೆ ಬಡಿದು ಕೂರಿಸಬೇಕು. ಆ ನೀರಿನ ಗಟ್ಟಿತನವನ್ನು ಹೈಡ್ರೋಮೀಟರ್‌ನಲ್ಲಿ ಅಳೆಯದೆ ಅಂದಾಜಿಗೆ ಕಲಸಿದರೆ ತೆಳುವಾಗಿ, ಒಣಗಿದ ಮೇಲೂ ಹರಳು ಉದುರುತ್ತದೆ. ಹಳೇ ಪದರ ಪೂರ್ತಿ ಕೆತ್ತಿ ತೆಗೆಯದಿದ್ದರೆ ಹೊಸದು ಹಕ್ಕಳೆಯಾಗಿ ಏಳುತ್ತದೆ. ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುವ ವಸ್ತು; ಹಾಗಾಗಿ ಮಳೆ ಹಿಡಿದ ದಿನ ಕೂರಿಸಿದ ಪದರ ಬೇಗ ಗಟ್ಟಿಯಾಗುವುದಿಲ್ಲ. ಉದುರಿದ ಹರಳು ಬೇಳೆಗೆ ಸೇರಿದರೆ ತಿನ್ನುವವರ ಹಲ್ಲಿಗೆ ಸಿಗುತ್ತದೆ. ಹುಡುಗ ಮೊದಲು ಒಂದು ಅಂಗೈ ಅಗಲದ ಕಬ್ಬಿಣದ ತುಂಡಿನ ಮೇಲೆ ಕೂರಿಸಿ, ಒಣಗಿಸಿ, ಉಳಿಯಿಂದ ಕೆರೆದು ನೋಡಲಿ. ಅದು ಉದುರದೆ ನಿಂತರೆ ಮಿಸ್ತ್ರಿ ಪಕ್ಕದಲ್ಲಿ ಇರುವಂತೆ ರೋಲ್‌ಗೆ ಕೈ ಹಾಕಲಿ. ಪದರ ಸುತ್ತಲೂ ಒಂದೇ ದಪ್ಪ ಇಲ್ಲದಿದ್ದರೆ ರೋಲ್ ತೂಕ ತಪ್ಪಿ ಅದುರುತ್ತದೆ, ಆ ಅದುರು ಬೇರಿಂಗ್ ತಿನ್ನುತ್ತದೆ. ಡೈಮಂಡ್ ಡ್ರೆಸ್ಸರ್ ಹಿಡಿದು ಮೇಲ್ಮೈ ಸಮ ಮಾಡುವ ಹಂತವನ್ನು ಮಾತ್ರ ಮೊದಲ ವರ್ಷ ಅವನಿಗೆ ಒಪ್ಪಿಸಬೇಡಿ.

ಬೆಲ್ಟ್, ಬೇರಿಂಗ್ ವಿಷಯ ಬೇಗ ಹೇಳಿಬಿಡುತ್ತೇವೆ, ಯಾಕೆಂದರೆ ಇವನ್ನು ಮೊದಲ ತಿಂಗಳಲ್ಲೇ ಕೊಡಬಹುದು. ವಿ ಬೆಲ್ಟ್ ಬದಲಿಸುವಾಗ ಪುಲಿ ಮೇಲೆ ರಾಡ್ ಹಾಕಿ ಎಬ್ಬಿಸಬಾರದು, ಮೋಟರನ್ನು ರೇಲ್ ಮೇಲೆ ಇನ್ನೊಂದು ಪುಲಿಯ ಕಡೆಗೆ ಸರಿಸಿ ಸಡಿಲು ಮಾಡಿಯೇ ಹಾಕಬೇಕು. ಇಲ್ಲವಾದರೆ ಬೆಲ್ಟಿನೊಳಗಿನ ದಾರ ಕಡಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಕೆಲ ದಿನಕ್ಕೆ ಬೆಲ್ಟ್ ಮಗುಚುತ್ತದೆ. ನಾಲ್ಕರಲ್ಲಿ ಒಂದು ಹರಿದರೆ ನಾಲ್ಕೂ ಬದಲಿಸಬೇಕು. ಹಳೆಯವು ಉದ್ದವಾಗಿರುವುದರಿಂದ ಹೊಸದೊಂದರ ಮೇಲೇ ಭಾರ ಬಿದ್ದು ಅದೂ ಹರಿಯುತ್ತದೆ. ಎರಡು ಪುಲಿಗಳ ಮುಖಕ್ಕೆ ದಾರ ಎಳೆದು ಹಿಡಿದರೆ ನಾಲ್ಕು ಕಡೆಯೂ ತಾಗಬೇಕು. ಬಿಗಿತ ನೋಡುವುದಕ್ಕೆ ಪುಲಿಗಳ ನಡುವಿನ ಅಂತರ ಒಂದು ಮೀಟರ್ ಇದ್ದರೆ ನಡುಮಧ್ಯೆ ಒತ್ತಿದಾಗ ಸುಮಾರು 16 ಮಿಲಿಮೀಟರ್ ಬಗ್ಗಬೇಕು. ಹೊಸ ಬೆಲ್ಟ್ ಒಂದೆರಡು ದಿನ ಓಡಿದ ಮೇಲೆ ಸಡಿಲಾಗುತ್ತದೆ, ಮತ್ತೊಮ್ಮೆ ಬಿಗಿ ಮಾಡುವುದನ್ನು ಮರೆಯುವುದೇ ಹೆಚ್ಚು.

ಶಾಫ್ಟ್ ಮೇಲೆ ಬೇರಿಂಗ್ ಕೂರಿಸುವಾಗ ಪೆಟ್ಟು ಯಾವಾಗಲೂ ಶಾಫ್ಟ್ ಹಿಡಿಯುವ ಒಳರಿಂಗ್‌ಗೆ ಬೀಳಬೇಕು. ಹೊರರಿಂಗ್‌ಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ದಾಟಿ ಹಾದಿಯ ಮೇಲೆ ಚುಕ್ಕೆ ಚುಕ್ಕೆ ಗುರುತು ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನದಿಂದಲೇ ಗುಂಯ್‌ಗುಡುತ್ತದೆ. ಬಿಸಿ ಮಾಡಿ ಕೂರಿಸುವುದಾದರೆ 110 ಡಿಗ್ರಿ ಸಾಕು, 120 ದಾಟಬಾರದು. ಗ್ಯಾಸ್ ಕಟರ್ ಜ್ವಾಲೆ ಹಿಡಿಯುವುದಂತೂ ಬೇಡವೇ ಬೇಡ. ಗ್ರೀಸ್ ಖಾಲಿ ಜಾಗದ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಮಾತ್ರ. ತುಂಬಾ ತುಂಬಿದರೆ ತಿರುಗುವಾಗ ಅದೇ ಕಡೆದು ಕಾಯುತ್ತದೆ. ತಿರುಗುವ ಬೇರಿಂಗ್ ಕಾದಿದೆ ಎಂದು ಮೇಲೆ ಮೇಲೆ ಗ್ರೀಸ್ ಹೊಡೆಸುವ ಪದ್ಧತಿ ನಮ್ಮ ಅರ್ಧಕ್ಕರ್ಧ ಮಿಸ್ತ್ರಿಗಳಲ್ಲೇ ಇದೆ, ಹುಡುಗರದೇನು ತಪ್ಪು. ಹೋದ ಬೇರಿಂಗನ್ನು ಗುಜರಿಗೆ ಹಾಕುವ ಮೊದಲು ಹುಡುಗ ಅದನ್ನು ಕೊಯ್ದು ಒಳಗೆ ನೋಡಿ, ಧೂಳು ಹೊಕ್ಕಿದ್ದೋ, ಪೆಟ್ಟು ಬಿದ್ದದ್ದೋ, ಕಾದು ನೀಲಿಯಾದದ್ದೋ ಹೇಳಲಿ. ಒಂದು ಪೈಸೆ ಖರ್ಚಿಲ್ಲದ ಪಾಠ ಅದು.

ಬಕೆಟ್‌ಗಳಲ್ಲಿ ಮಾಲು ಮೇಲೆತ್ತುವ ಎಲಿವೇಟರ್‌ಗೆ ಬಂದರೆ ಧಾಟಿ ಬೇರೆ. ಮಿಲ್‌ನಲ್ಲಿ ಕೈಬೆರಳು ಹೋಗುವುದು ಇಲ್ಲೇ. ತಳದ ಪೆಟ್ಟಿಗೆ (ಬೂಟ್) ಜಾಮ್ ಆದಾಗ ಬಾಗಿಲು ತೆರೆದು ಕೈಯಿಂದ ಮಾಲು ಎಳೆಯುತ್ತಾರೆ, ಅತ್ತ ಯಾರೋ ಪ್ಯಾನೆಲ್ ಹತ್ತಿರ ನಿಂತವರು ಚಾಲು ಮಾಡುತ್ತಾರೆ. ಕ್ರಮ ಹೀಗಿರಬೇಕು: ಮೊದಲು ಮಾಲು ಬರುವುದು ಬಂದ್, ಆಮೇಲೆ ಮೋಟರ್ ಬಂದ್, ಮೆಯಿನ್ ಸ್ವಿಚ್ ಕೆಳಗೆ, ಅದಕ್ಕೆ ಬೀಗ, ಅದರ ಕೀಲಿ, ಒಳಗೆ ಕೈ ಹಾಕುವವನ ಸ್ವಂತ ಜೇಬಿನಲ್ಲಿ. ಬೀಗ ಹಾಕಿದ ಮೇಲೂ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ, ಓಡುವುದಿಲ್ಲ ಎಂದು ನೋಡಿಕೊಳ್ಳಬೇಕು. ತಪ್ಪು ಸ್ವಿಚ್‌ಗೆ ಬೀಗ ಬಿದ್ದಿದ್ದರೆ ಗೊತ್ತಾಗುವುದು ಆಗಲೇ. ಅಪ್ರೆಂಟಿಸ್‌ಗೆ ಸ್ವಂತದ್ದೊಂದು ಬೀಗ ಮೊದಲ ದಿನವೇ ಕೊಡಿ. ಈ ಒಂದು ವಿಷಯದಲ್ಲಿ ತಪ್ಪಿ ಕಲಿಯಲು ಅವಕಾಶ ಇಲ್ಲ.

ಜಾಮ್ ಬಿಡಿಸುವುದಕ್ಕಿಂತ ಯಾಕೆ ಜಾಮ್ ಆಯಿತು ಎಂಬುದೇ ಅವನಿಗೆ ಕೊಡುವ ಲೆಕ್ಕ. ಸಾಲಿನ ಯಂತ್ರಗಳನ್ನು ಚಾಲು ಮಾಡುವುದು ಕೊನೆಯದರಿಂದ ಹಿಂದಕ್ಕೆ, ಬಂದ್ ಮಾಡುವುದು ಮೊದಲಿನಿಂದ ಮುಂದಕ್ಕೆ. ಮುಂದಿನ ಯಂತ್ರ ನಿಂತು ಹಿಂದಿನದು ಓಡುತ್ತಲೇ ಇದ್ದರೆ ನಡುವಿನ ಬೂಟ್ ತುಂಬಿಕೊಳ್ಳದೆ ಇನ್ನೇನು. ಪ್ಯಾನೆಲ್‌ನಲ್ಲಿ ಇಂಟರ್‌ಲಾಕ್ (ಮುಂದಿನದು ನಿಂತರೆ ಹಿಂದಿನದನ್ನೂ ನಿಲ್ಲಿಸುವ ಜೋಡಣೆ) ಇದೆಯೋ, ಇದ್ದದ್ದನ್ನು ಯಾರಾದರೂ ತಂತಿ ಹಾಕಿ ತಪ್ಪಿಸಿದ್ದಾರೋ ಹುಡುಕುವುದು ಎಲೆಕ್ಟ್ರಿಷಿಯನ್ ಟ್ರೇಡ್‌ನವರಿಗೆ ಒಳ್ಳೆಯ ಕೆಲಸ. ಬೆಲ್ಟ್ ಒಂದು ಬದಿಗೆ ಸರಿದು ಬಕೆಟ್ ಪೆಟ್ಟಿಗೆಗೆ ಉಜ್ಜುತ್ತಿದ್ದರೆ, ಅದು ಯಾವ ಬದಿಗೆ ಸರಿಯುತ್ತದೋ ಆ ಬದಿಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ, ಬೆಲ್ಟ್ ನಾಲ್ಕಾರು ಸುತ್ತು ಓಡುವ ತನಕ ಕಾಯಬೇಕು. ಕಾಯದೆ ಇನ್ನೊಂದು ಸುತ್ತು ಕೊಡುವುದು, ಅದು ಆಚೆ ಬದಿಗೆ ಹೋಗುವುದು, ಮತ್ತೆ ಈ ಕಡೆ ಸಡಿಲಿಸುವುದು, ಹೀಗೆ ಅರ್ಧ ದಿನ ಕಳೆಯುತ್ತದೆ. ಆ ತಾಳ್ಮೆ ಹೇಳಿಕೊಟ್ಟರೆ ಬರುವುದಿಲ್ಲ, ಅರ್ಧ ದಿನ ಹಾಳಾದರೆ ಬರುತ್ತದೆ.

ಇನ್ನು ಮೇ ತಿಂಗಳ ಮೋಟರ್. ನಮ್ಮೂರಿಗೆಂದೇ ಹೇಳಿ ಮಾಡಿಸಿದ ಪಾಠ ಇದು. ಜನವರಿಯಲ್ಲಿ ಸದ್ದಿಲ್ಲದೆ ಓಡಿದ ರೋಲ್‌ನ ಮೋಟರ್ ಮೇ ತಿಂಗಳ ಮಧ್ಯಾಹ್ನ ಪದೇ ಪದೇ ಟ್ರಿಪ್ ಆಗುತ್ತದೆ. "ರಿಲೇ ಸರಿ ಇಲ್ರೀ, ಸ್ವಲ್ಪ ಏರಸ್ರಿ" ಅನ್ನುತ್ತಾರೆ, ಏರಿಸುತ್ತಾರೆ, ಟ್ರಿಪ್ ನಿಲ್ಲುತ್ತದೆ, ಆ ವಾರವೇ ಮೋಟರ್ ಸುಡುತ್ತದೆ. ಸಾಮಾನ್ಯ ಮೋಟರ್‌ನ ಸಾಮರ್ಥ್ಯ ಹೇಳುವುದು ಸುತ್ತಲಿನ ಗಾಳಿ 40 ಡಿಗ್ರಿ ಎಂದು ಲೆಕ್ಕ ಹಿಡಿದು. ಕಲಬುರಗಿಯ ಬೇಸಿಗೆ ಅದನ್ನು ದಾಟುತ್ತದೆ. ತಗಡಿನ ಛಾವಣಿಯ ಕೆಳಗೆ ಇನ್ನೂ ಹೆಚ್ಚು. ಅದರ ಮೇಲೆ ತೊಗರಿ ಧೂಳು ಮೋಟರ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ರಿಲೇ ಸರಿಯಾಗಿಯೇ ಇದೆ, ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ.

ಹುಡುಗ ಇಲ್ಲಿ ಮಾಡಬೇಕಾದದ್ದು: ಮೂರೂ ಫೇಸ್‌ನ ಆಂಪಿಯರ್ ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆಯಬೇಕು, ಓಡುವಾಗಲೇ ವೋಲ್ಟೇಜ್ ನೋಡಬೇಕು, ನೇಮ್ ಪ್ಲೇಟ್ ಜೊತೆ ಹೋಲಿಸಬೇಕು, ಬಂದ್ ಮಾಡಿ ಬೀಗ ಹಾಕಿ ರೆಕ್ಕೆಯ ಧೂಳು ತೆಗೆಯಬೇಕು, ಫ್ಯಾನ್ ಮುರಿದಿದೆಯೋ ನೋಡಬೇಕು, ಆಮೇಲೆ ರೋಲ್‌ಗೆ ಬೀಳುವ ಮಾಲು ಸ್ವಲ್ಪ ತಗ್ಗಿಸಿ ಮತ್ತೆ ಅಳೆಯಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ (ಮೋಟರ್‌ನ ಸುರುಳಿಗಳನ್ನು ಶುರುವಿಗೆ ಸ್ಟಾರ್, ಓಡುವಾಗ ಡೆಲ್ಟಾ ಜೋಡಣೆಗೆ ಬದಲಿಸುವಂಥದ್ದು) ರಿಲೇ ಸೆಟ್ಟಿಂಗ್ ಬಗ್ಗೆ ಎಚ್ಚರ ಬೇಕು. 15 ಎಚ್‌ಪಿ ಮೋಟರ್ 415 ವೋಲ್ಟ್‌ಗೆ ಸುಮಾರು 21 ಆಂಪಿಯರ್ ತೆಗೆದುಕೊಳ್ಳುತ್ತದೆ. ರಿಲೇ ಡೆಲ್ಟಾದ ಒಳಗಿನ ಫೇಸ್ ತಂತಿಯಲ್ಲಿ ಇದ್ದರೆ ಅದನ್ನು ಇಡಬೇಕಾದದ್ದು ಇದರ 0.58 ಪಾಲಿಗೆ, ಅಂದರೆ ಸುಮಾರು 12 ಆಂಪಿಯರ್‌ಗೆ. ನೇಮ್ ಪ್ಲೇಟ್ ಓದಿ 21ಕ್ಕೆ ಇಟ್ಟರೆ ಮೋಟರ್ 36 ಆಂಪಿಯರ್ ಎಳೆದರೂ ರಿಲೇ ಬಾಯಿ ಬಿಡುವುದಿಲ್ಲ. ಐಟಿಐ ಬೋರ್ಡ್ ಮೇಲೆ ಸ್ಟಾರ್-ಡೆಲ್ಟಾ ವೈರಿಂಗ್ ಎಲ್ಲರೂ ಮಾಡಿರುತ್ತಾರೆ. ಭಾರ ಇಲ್ಲದ ಮೋಟರ್ ಮೇಲೆ ಮಾಡಿರುವುದರಿಂದ ಈ ತಪ್ಪು ಅಲ್ಲಿ ತಪ್ಪಾಗಿ ಕಾಣುವುದೇ ಇಲ್ಲ.

ಮೋಟರ್ ಸುಟ್ಟರೆ ರಿವೈಂಡಿಂಗ್ ಅಂಗಡಿಗೆ ಅಪ್ರೆಂಟಿಸ್‌ನನ್ನೂ ಕಳಿಸಿ, ಕವರ್ ಬಿಚ್ಚುವಾಗ ಅವನು ಅಲ್ಲಿರಲಿ. ಡೆಲ್ಟಾದಲ್ಲಿ ಓಡುವ ಮೋಟರ್‌ಗೆ ಒಂದು ಫೇಸ್ ತಪ್ಪಿದ್ದರೆ ಮೂರರಲ್ಲಿ ಒಂದು ಫೇಸ್‌ನ ಸುರುಳಿಗಳು ಮಾತ್ರ ಕಪ್ಪಾಗಿ ಉಳಿದೆರಡು ಹಾಗೇ ಇರುತ್ತವೆ. ಸ್ಟಾರ್‌ನಲ್ಲಿ ಆದರೆ ಎರಡು ಕಪ್ಪು, ಒಂದು ಸರಿ. ಎಲ್ಲವೂ ಒಂದೇ ಸಮ ಕಪ್ಪಾಗಿದ್ದರೆ ಭಾರ ಇಲ್ಲವೇ ಕಾವು. ಕಾರಣ ತಿಳಿಯದೆ ಸುತ್ತಿಸಿ ತಂದ ಮೋಟರ್ ಮತ್ತೆ ಸುಡುತ್ತದೆ, ಬೈಗುಳ ರಿವೈಂಡಿಂಗ್‌ನವನಿಗೆ ಹೋಗುತ್ತದೆ.

ಕಲಿಸುವ ರೀತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಅಂದಾಜು, ಆಮೇಲೆ ಅಳತೆ, ಎರಡನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಲಿ. ತೊಗರಿ ಒಣಗಿದೆಯೋ ಎಂದು ಮಿಸ್ತ್ರಿ ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಹುಡುಗನೂ ಕಚ್ಚಲಿ, ಒಂದು ಸಂಖ್ಯೆ ಹೇಳಲಿ, ಆಮೇಲೆ ತೇವಾಂಶ ಮಾಪಕ ಇಡಲಿ. ಮಾಪಕ ಮಾತ್ರ ನೋಡಿದವನಿಗೆ ಅದರ ಬ್ಯಾಟರಿ ಹೋದ ದಿನ ಏನೂ ಗೊತ್ತಾಗುವುದಿಲ್ಲ, ಹಲ್ಲು ಮಾತ್ರ ನಂಬಿದವನಿಗೆ ತಾನು ಎಷ್ಟು ತಪ್ಪುತ್ತೇನೆಂದು ಗೊತ್ತಿರುವುದಿಲ್ಲ. ಅವನು ಹುಡುಕುತ್ತಿರುವಾಗ ಮಿಸ್ತ್ರಿ ಕಾಲು ತಾಸಾದರೂ ಬಾಯಿ ಕಟ್ಟಿಕೊಳ್ಳಬೇಕು. ಓಡುವ ಯಂತ್ರದತ್ತ ಕೈ ಹೋದರೆ, ಬೀಗವಿಲ್ಲದೆ ಬಾಗಿಲು ತೆರೆದರೆ, ರಿಲೇ ತಪ್ಪಿಸಿ ಚಾಲು ಮಾಡಲು ನೋಡಿದರೆ ಮಾತ್ರ ತಕ್ಷಣ ಕೂಗಬೇಕು. ಹುಡುಗಿಯರು ಬಂದರೆ ತೂಕದ ಟೇಬಲ್‌ಗೆ ಕೂರಿಸುವುದನ್ನೂ ಬಿಡಿ, ಅವರೂ ಅದೇ ಪರೀಕ್ಷೆ ಪಾಸಾಗಿ ಬಂದವರು.

ಮಿಸ್ತ್ರಿಗಳ ಬಗ್ಗೆ ಒಂದು ಮಾತು ಮಾಲೀಕರಿಗೆ. ಕಲಿಸಿದರೆ ನಾಳೆ ತನ್ನ ಜಾಗಕ್ಕೇ ಕಡಿಮೆ ಪಗಾರಕ್ಕೆ ಈ ಹುಡುಗ ಬರುತ್ತಾನೆ ಎಂಬ ಅಳುಕು ಅವರಿಗಿದೆ, ಅದು ಸುಳ್ಳೂ ಅಲ್ಲ. ಕಲಿಸುವ ಮಿಸ್ತ್ರಿಗೆ ಪಗಾರದ ಮೇಲೆ ಕಲಿಸುವ ಭತ್ಯೆ ಅಂತ ಬೇರೆ ಕೊಡಿ. ಇಷ್ಟು ಮಾಡದೆ ಬೇರೇನು ಮಾಡಿದರೂ ವಿದ್ಯೆ ಅವರ ಕೈಬಿಟ್ಟು ಬರುವುದಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನ ಇರುವ ಕಡೆ ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವವರಿಗೆ ಅದು ಇಚ್ಛೆಗೆ ಬಿಟ್ಟದ್ದು. ನಮ್ಮ ಸಣ್ಣ ಮಿಲ್‌ಗಳು ಈ ಎರಡನೇ ಸಾಲಿಗೆ ಸೇರುತ್ತವೆ, ಹಾಗಾಗಿ ಕಾಯ್ದೆ ತೋರಿಸಿ ಒತ್ತಾಯ ಮಾಡುವಂತಿಲ್ಲ. ಕೌಶಲ್ಯಾಭಿವೃದ್ಧಿ ಅಧಿಕಾರಿಗಳು ಮಾಡಬಹುದಾದದ್ದು ಬೇರೆ: ಮಿಲ್‌ಗೆ ಬಂದಾಗ ಹಾಜರಿ ಪುಸ್ತಕದ ಬದಲು ಹುಡುಗನ ಕೆಲಸದ ಪುಸ್ತಕ ಕೇಳಿ. ಏನು ಕೆಟ್ಟಿತ್ತು, ಏನು ಅಂದಾಜು ಮಾಡಿದ, ಏನು ಸಿಕ್ಕಿತು ಎಂಬ ಮೂರು ಕಲಂ ಖಾಲಿ ಇದ್ದರೆ ಆ ಮಿಲ್‌ನಲ್ಲಿ ತರಬೇತಿ ನಡೆದಿಲ್ಲ.

ಪ್ರಾಚಾರ್ಯರೇ, ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸುವ ಯೋಜನೆಯಿಂದ ಹೊಸ ಹೊಸ ಯಂತ್ರಗಳು ಬಂದಿವೆ, ಬೇಡ ಅನ್ನುವುದಿಲ್ಲ. ಅವುಗಳ ಪಕ್ಕದಲ್ಲಿ ಒಂದು ಹಳೇ ರೋಲ್ ಸ್ಟ್ಯಾಂಡ್, ಒಂದು ಎಲಿವೇಟರ್ ಬೂಟ್, ಭಾರ ಹಾಕಿ ಓಡಿಸಬಹುದಾದ ಒಂದು ಮೋಟರ್ ಇಡಲು ಜಾಗ ಮಾಡಿಕೊಡಿ. ಮಿಲ್‌ಗಳ ಗುಜರಿಯಲ್ಲಿ ಇವು ಬಿದ್ದಿವೆ, ಕೇಳಿದರೆ ಕೊಡುವವರಿದ್ದಾರೆ. ಸಾಗಣೆಗೆ, ಜೋಡಿಸುವುದಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವ ಕಳಿಸಿ. ಬೇಕೆಂದೇ ಕೆಡಿಸಿಟ್ಟ ಯಂತ್ರದ ಮೇಲೆ ಪರೀಕ್ಷೆ ಮಾಡಿ: ಒಂದು ಬೆಲ್ಟ್ ಸಡಿಲು, ರಿಲೇ ತಪ್ಪು ಸಂಖ್ಯೆಗೆ, ಒಂದು ಫ್ಯೂಸ್ ತೆಗೆದದ್ದು. ಕೈಗಾರಿಕಾ ಭೇಟಿ ಅಂತ ಒಂದು ದಿನ ಬಸ್ಸಿನಲ್ಲಿ ಕರೆತಂದು ಗ್ರೂಪ್ ಫೋಟೊ ಹೊಡೆಸಿಕೊಂಡು ಹೋಗುವುದಕ್ಕಿಂತ ಇದು ಅಗ್ಗ.

ಕೊನೆಗೆ ಕಾಲದ ಮಾತು. ಅಪ್ರೆಂಟಿಸ್‌ಗಳನ್ನು ಮಳೆಗಾಲ ಮುಗಿಯುವ ಮೊದಲೇ ಸೇರಿಸಿಕೊಳ್ಳಿ. ಆಗ ರೋಲ್ ಬಿಚ್ಚಿರುತ್ತದೆ, ಎಲಿವೇಟರ್ ತೆರೆದಿರುತ್ತದೆ, ಮಿಸ್ತ್ರಿಗೆ ಮಾತಾಡಲು ಪುರುಸೊತ್ತು ಇರುತ್ತದೆ, ಕೆಟ್ಟರೆ ಮತ್ತೆ ಮಾಡಲು ದಿನಗಳಿರುತ್ತವೆ. ಸುಗ್ಗಿಯ ಹೊತ್ತಿಗೆ ಅವನು ಒಂದು ರೋಲ್‌ನ ಜವಾಬ್ದಾರಿ ಹೊರುವಷ್ಟು ಆಗಿರುತ್ತಾನೆ. ಜನವರಿಯಲ್ಲಿ ಸೇರಿಸಿಕೊಂಡವನಿಗೆ ಆ ಗದ್ದಲದಲ್ಲಿ ಕೊಡಲು ಗ್ರೀಸ್ ಡಬ್ಬಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇಂತಿ,
ಕಲಬುರಗಿಯ ದಾಲ್ ಮಿಲ್‌ಗಳ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ಮತ್ತು ಐಟಿಐ ಬೋಧಕರು